ಕಲಂ ಹದಿನಾಲ್ಕು, ಉಪಕಲಂ ಮೂರು

ನಾರ್ಥಾಂಪ್ಟನ್ನಿನ ಹೊರವಲಯ. ಟೈಲ್ಸ್ ಮಂಡಿಗೂ
ನಾಯಿ ಆಸ್ಪತ್ರೆಗೂ ನಡುವೆ ನಮ್ಮ ಗಾಜಿನ ಶೋರೂಮು.
ಕೆಳಗೆ ಮಾರುತ್ತಾರೆ.
ಮೇಲೆ, ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು
ನಾನು ಇಲ್ಲ ಎನ್ನುತ್ತೇನೆ.
ಸಂಬಳ ಅದಕ್ಕೇ.

ವಾರಂಟಿಯದು ಬಲು ಸಂಭಾವಿತ ಭಾಷೆ.
ಕೊಟ್ಟದ್ದನ್ನು ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಸಾರಿ
ಕಸಿದದ್ದನ್ನು ಹದಿನಾಲ್ಕನೆಯದರಲ್ಲಿ ಸಾಸಿವೆಯಾಗಿ ಚೆಲ್ಲುತ್ತದೆ.
ಬೇರೆಯವರು ಆಯಿಲ್ ಬದಲಿಸಿದರೆ ಇಲ್ಲ.
ನಮ್ಮ ಮುದ್ರೆಯಿಲ್ಲದ ಟೈರು ತೊಡಿಸಿದರೆ ಇಲ್ಲ.
ಗಂಟೆಗೆ ನೂರ ತೊಂಬತ್ತು ಮೈಲಿ ಓಡುತ್ತದೆಂದು ಮಾರಿದ ಗಾಡಿ
ಓಡುತ್ತದೋ ಎಂದು ನೋಡಹೋದರೆ
ಖಂಡಿತ ಇಲ್ಲ.

ನೋರೀನ್ ಟ್ಯಾಪ್ಲಿಗೆ ಅರವತ್ತಾರು.
ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು.
ಐವತ್ತು ದಾಟದಂತೆ ಮೂಗುದಾರ ಹಾಕಿದ ಬಸ್ಸು.
ಗಿಯರು ಬದಲಿಸಿದ್ದು ಹಿಂದಿನ ಸೀಟಿನ
ಹಾಲಿನ ಬಾಟಲಿಗೂ ತಿಳಿಯಬಾರದು, ಅಂಥ ಕೈ.
ತೀರಿಕೊಂಡ ಅಕ್ಕ ಬಿಟ್ಟುಹೋದ ಹಣದಲ್ಲಿ
ಸೆಕೆಂಡ್ ಹ್ಯಾಂಡ್ ಕೊಂಡಳು. ಹಳದಿ.

ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು
ಎನ್ನುತ್ತಿದ್ದಳು ಹಾವೇರಿಯ ನನ್ನ ಸೋದರತ್ತೆ.
ಇವಳ ಲಾಯದಲ್ಲಿ ಕುದುರೆ ಐನೂರ ಎರಡು.
ಬ್ರೇಕಿನ ತಟ್ಟೆ ನಾಲ್ಕಕ್ಕೆ ಒಂಬತ್ತು ಸಾವಿರ ಪೌಂಡು.
ಹಿಂದಿನ ಟೈರು ಐದು ಸಾವಿರ ಮೈಲಿಗೇ ಬೋಳು.
ಒಂದು ಪ್ಲಗ್ಗು ಮುಟ್ಟಲು ಇಡೀ ಎಂಜಿನ್ ಇಳಿಸಬೇಕು,
ಹಲ್ಲು ನೋವಿಗೆ ತಲೆ ಕಳಚಿದ ಹಾಗೆ.
ಎಲ್ಲ ಕಟ್ಟಿದ್ದಳು, ದಿನಾಂಕ ತಪ್ಪದೆ.
ರಸೀದಿಗಳು ಬಿಸ್ಕತ್ತಿನ ಡಬ್ಬಿಯಲ್ಲಿ,
ತೆರೆದರೆ ಇನ್ನೂ ಶುಂಠಿಯ ವಾಸನೆ.

ಈಗ ಅದು ಕೆಮ್ಮುತ್ತಿತ್ತು.
ಕೆಳಗೆ ಗ್ಯಾರೆತ್ ಅದರ ಕಿವಿಗೆ ತಂತಿ ಸಿಕ್ಕಿಸಿ
ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿಸಿ ಮೇಲೆ ಕಳಿಸಿದ.
ಮೇ ಹನ್ನೆರಡು, ಭಾನುವಾರ, ಬೆಳಿಗ್ಗೆ ಹತ್ತು ಹದಿನೇಳು.
ನಿಮಿಷಕ್ಕೆ ಒಂಬತ್ತು ಸಾವಿರದ ನೂರು ಸುತ್ತು.
ಕೆಂಪು ಗೆರೆ ಇದ್ದದ್ದು ಏಳು ಸಾವಿರದ ಎಂಟುನೂರಕ್ಕೆ.
ಐದರಿಂದ ನಾಲ್ಕಕ್ಕೆ ಬರಬೇಕಿದ್ದ ಕೈ
ಎರಡಕ್ಕೆ ಬಂದಿದೆ.
ಅವಧಿ, ಒಂದು ಪಾಯಿಂಟ್ ನಾಲ್ಕು ಸೆಕೆಂಡು.

ಕರೆಸಿ ಕಲಂ ಓದಿದೆ. ಹದಿನಾರು ಸಾವಿರದ ನಾನೂರು,
ತೆರಿಗೆ ಬೇರೆ.
ಇಲ್ಲಿ ಅಳುವವರಿದ್ದಾರೆ. ವಕೀಲನ ಹೆಸರು ಹೇಳುವವರು
ವಾರಕ್ಕಿಬ್ಬರು. ಒಬ್ಬ ದಂತವೈದ್ಯ
ನನ್ನ ಸ್ಟೇಪ್ಲರ್ ಗೋಡೆಗೆ ಬೀಸಿದ್ದ.
ಇವಳು ಕೇಳಿದ್ದಿಷ್ಟೇ:
'ಎಷ್ಟು ಗಂಟೆ ಅಂದೆ?'
ಹತ್ತು ಹದಿನೇಳು.
'ಹಾಂ. ಅದೇ.'

ಲಿಂಕನ್‌ಶೈರಿನ ಪಾಳುಬಿದ್ದ ವಿಮಾನ ನೆಲೆಯಂತೆ.
ಕಾಂಕ್ರೀಟಿನ ಬಿರುಕಲ್ಲಿ ಹುಲ್ಲು, ತುದಿಯಲ್ಲಿ ಕಿತ್ತಳೆ ಶಂಕುಗಳು.
'ಮೊಲ ಅಡ್ಡ ಬಂತು ಅಂತ ಬರೆದುಕೊಡಲು ಗೆಳತಿ ಹೇಳಿದ್ದಳು.
ಸುಳ್ಳು ಯಾಕೆ. ಏನೂ ಅಡ್ಡ ಬರಲಿಲ್ಲ.
ಮೂವತ್ತೊಂದು ವರ್ಷದಲ್ಲಿ ಮೊದಲ ಸಲ
ಏನೂ ಅಡ್ಡ ಬರಲಿಲ್ಲ, ಕಣಮ್ಮ.
ಕೈಗೆ ಗಾಬರಿಯಾಯಿತು.'

ಸಹಿ ಹಾಕಿದಳು. ಆರು ಕಂತು.
ಚಳಿಗಾಲ ಮುಗಿಯುವವರೆಗೆ ರಜೆ ಹೋದವರ ಬದಲಿಗೆ
ಮತ್ತೆ ಬಸ್ಸು ಓಡಿಸುತ್ತಾಳಂತೆ.
ಬಾಗಿಲ ಬಳಿ ನಿಂತು
ಆ ಗ್ರಾಫಿನ ಒಂದು ಪ್ರತಿ ಸಿಗಬಹುದೇ ಎಂದಳು.
ಕಲಂ ಇಪ್ಪತ್ತೆರಡು. ಗಾಡಿಯ ನೆನಪು ಕಂಪನಿಯ ಸ್ವತ್ತು.
ಅದನ್ನೂ ಓದಿ ಹೇಳಿದೆ.

ಸಂಜೆ ಕಡತ ಮುಚ್ಚುವ ಮುಂಚೆ ಇನ್ನೊಮ್ಮೆ ತೆರೆದೆ.
ಬಯಲು, ಬಯಲು, ಪುಟಗಟ್ಟಲೆ ಬಯಲು,
ಸೂಪರ್ ಮಾರ್ಕೆಟ್ಟಿಗೆ ಹೋಗಿ ಬಂದ ಮೂರು ಸಾವಿರ ಮೈಲಿ,
ಆಮೇಲೆ ಇದ್ದಕ್ಕಿದ್ದಂತೆ ನೆಟ್ಟಗೆ ಒಂದು ಸೂಜಿ.

ಪ್ರಿಂಟರು ಬೆಚ್ಚಗಾಗಲಿಕ್ಕೇ
ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಿತು.
ಕೆಂಪು ಇಂಕು ಮುಗಿಯುತ್ತ ಬಂದಿತ್ತು.
ಸಾಕಾಯಿತು.